ಸಾಸಿವೆ ಕಾಳಿನ ಲೆಕ್ಕ: ಮೊದಲ ಹಚ್ಚೆಗೆ ಮುನ್ನ

ನಮ್ಮಜ್ಜಿಯ ಎಡ ಮುಂಗೈ ಮೇಲೆ ಒಂದು ಚೇಳಿತ್ತು. ಅದರ ಪಕ್ಕ ಚುಕ್ಕಿ ರಂಗೋಲಿ, ಗಲ್ಲದ ಮೇಲೆ ಒಂದೇ ಒಂದು ಬೊಟ್ಟು. ಮದುವೆಗೆ ಮುಂಚೆ ಜಾತ್ರೆಯಲ್ಲಿ ಕೊರವರ ಹೆಂಗಸೊಬ್ಬಳು ಹುಯ್ದಿದ್ದು. ದೀಪದ ಮಸಿ, ಸೊಪ್ಪಿನ ರಸ, ದಾರದಲ್ಲಿ ಸುತ್ತಿ ಕಟ್ಟಿದ ಮೂರು ಸೂಜಿ; ನೋವು ಮರೆಯಲಿ ಅಂತ ಹುಯ್ಯುವವಳೇ ಹಾಡು ಹೇಳುತ್ತಿದ್ದಳಂತೆ. “ಸತ್ತಾಗ ಒಡವೆ ಬಿಚ್ಕೋತಾರೆ, ಹಚ್ಚೆ ಯಾರೂ ಬಿಚ್ಕೊಳಕಾಗಲ್ಲ” ಅನ್ನುವುದು ಅಜ್ಜಿಯ ವಾದ. ಅರವತ್ತು ವರ್ಷದಲ್ಲಿ ಆ ಚೇಳು ಕಪ್ಪು ಬಿಟ್ಟು ಹಸಿರುನೀಲಿಗೆ ತಿರುಗಿತ್ತು, ಗೆರೆಗಳು ದಪ್ಪಗಾಗಿದ್ದವು. ಆದರೂ ನೋಡಿದವರು ಅದನ್ನು ಚೇಳು ಅಂತಲೇ ಗುರುತಿಸುತ್ತಿದ್ದರು.

ನಾನು ಇಪ್ಪತ್ತಮೂರನೇ ವಯಸ್ಸಿಗೆ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಮಣಿಕಟ್ಟಿನ ಒಳಗಡೆ ‘ಅಜ್ಜಿ’ ಎಂದು ಬರೆಸಿಕೊಂಡೆ. ಒಂದಿಂಚೂ ಇಲ್ಲದ, ಕೂದಲೆಳೆಯಂಥ ಗೆರೆಯ, ಅಂದವಾದ ಅಕ್ಷರ. ಊರಿಗೆ ಹೋಗಿ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು, “ಇದೇನೆ, ಇರುವೆ ಸಾಲು ಹೋದಂಗದೆ. ಹಚ್ಚೆ ಅಂದ್ರೆ ದೂರಕ್ಕೆ ಕಾಣ್ಬೇಕು ಕಣೆ” ಅಂದಳು. ನಕ್ಕು ಸುಮ್ಮನಾದೆ. ಎಂಟು ವರ್ಷಕ್ಕೆ ಕೆಳಗಿನ ಜ-ಒತ್ತು ತುಂಬಿಕೊಂಡು ಮಸಿ ಚುಕ್ಕೆಯಾಯಿತು. ಈಗ ಹೊಸಬರು ಓದುವುದು ‘ಅಜಿ’ ಅಂತ.

ಹಚ್ಚೆ ಕೆಡುವುದು ಕುರ್ಚಿಯ ಮೇಲೆ ಕೂತಾಗಲ್ಲ, ಅದಕ್ಕೂ ಮುಂಚಿನ ವಾರಗಳಲ್ಲಿ. ಏನು, ಎಷ್ಟು ದೊಡ್ಡದು, ಎಲ್ಲಿ, ಯಾರ ಕೈಯಲ್ಲಿ ಎಂಬುದನ್ನು ತೀರ್ಮಾನಿಸುವ ಹೊತ್ತಿನಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಮೊದಲ ಸಲ ಹಾಕಿಸಿಕೊಳ್ಳಲು ಹೊರಟವರಿಗೆ ಆ ವಾರಗಳ ಲೆಕ್ಕ ಇಲ್ಲಿದೆ.

ಚರ್ಮದೊಳಗೆ ಏನಾಗುತ್ತದೆ?

ನಮ್ಮ ಚರ್ಮದ ಮೇಲ್ಪದರ ಸುಮಾರು ಒಂದು ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಮೆಹಂದಿ ಅಳಿಸಿಹೋಗುವುದು ಅದಕ್ಕೇ. ಹಚ್ಚೆಯ ಸೂಜಿ ಆ ಪದರ ದಾಟಿ, ಒಂದೆರಡು ಮಿಲಿಮೀಟರ್ ಆಳದ ಒಳಪದರದಲ್ಲಿ ಇಂಕ್ ಬಿಡುತ್ತದೆ. ದೇಹ ಅದನ್ನು ಹೊರಗಿನಿಂದ ನುಗ್ಗಿದ ವಸ್ತು ಎಂದೇ ಭಾವಿಸುತ್ತದೆ. ರೋಗ ನಿರೋಧಕ ಕೋಶಗಳು ಬಂದು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಆ ಕೋಶ ಸತ್ತರೆ ಪಕ್ಕದ ಇನ್ನೊಂದು ಕೋಶ ಅದೇ ಬಣ್ಣವನ್ನು ಹಿಡಿದುಕೊಳ್ಳುತ್ತದೆ. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಈ ಕೈಬದಲಿಯನ್ನು ತೋರಿಸಿದರು. ಹೀಗೆ ಕೈಯಿಂದ ಕೈಗೆ ದಾಟುವಾಗ ಒಂದಿಷ್ಟು ಬಣ್ಣ ಆಚೀಚೆ ಸರಿಯುವುದೂ ವರ್ಷಗಳು ಕಳೆದಂತೆ ಗೆರೆ ಹರಡಿಕೊಳ್ಳಲು ಒಂದು ಕಾರಣವಿರಬಹುದು.

ಎಂಥ ಒಳ್ಳೆಯ ಕಲಾವಿದ ಹಾಕಿದರೂ ಗೆರೆ ಹರಡುವುದು ಹರಡುವುದೇ. ಹರಡಿದ ಮೇಲೂ ಉಳಿಯುವಂಥ ಚಿತ್ರವನ್ನು ಆರಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ಏನು ಹಾಕಿಸುವುದು?

ಮೊದಲ ಹಚ್ಚೆಗೆ ಕಪ್ಪೇ ಕ್ಷೇಮ. ನಮ್ಮ ಗೋಧಿ, ಎಣ್ಣೆಗೆಂಪು, ಕಪ್ಪು ಮೈಬಣ್ಣದ ಮೇಲೆ ಚೆನ್ನಾಗಿ ಕಾಣುವುದೂ ಹೆಚ್ಚು ಕಾಲ ನಿಲ್ಲುವುದೂ ಅದೇ. ಬಣ್ಣ ಚರ್ಮದ ಮೇಲೆ ಕೂರುವುದಿಲ್ಲ, ಚರ್ಮದ ಕೆಳಗೆ ಕೂರುತ್ತದೆ. ನಾವು ಅದನ್ನು ಮೈಬಣ್ಣದ ಗಾಜಿನ ಮೂಲಕ ನೋಡಿದಂತೆ. ಹಾಗಾಗಿ ಬಿಳಿ, ತಿಳಿ ಹಳದಿ, ತಿಳಿ ಗುಲಾಬಿ ನಮ್ಮಲ್ಲಿ ಬೇಗ ಮಂಕಾಗುತ್ತವೆ. ಮೊಬೈಲಿನಲ್ಲಿ ನೋಡುವ ಜಲವರ್ಣದಂಥ ಹಚ್ಚೆಗಳ ಫೋಟೊ ಹೆಚ್ಚಾಗಿ ಬಿಳಿ ಚರ್ಮದ್ದು, ಅದೂ ಹಾಕಿಸಿದ ಹತ್ತು ನಿಮಿಷಕ್ಕೆ ತೆಗೆದದ್ದು.

ಮುಖದ ಚಿತ್ರದ ಆಸೆಯಿದ್ದರೆ ಜಾಗ ಧಾರಾಳವಾಗಿರಲಿ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಎಷ್ಟೋ ಅಭಿಮಾನಿಗಳು ಅಪ್ಪು ಮುಖವನ್ನು ಕೈಮೇಲೆ ಹಾಕಿಸಿಕೊಂಡರು. ಅಂಗೈಯಗಲ ಹಾಕಿಸಿದವರ ಕೈಯಲ್ಲಿ ಆ ನಗು ಉಳಿಯುತ್ತದೆ. ಐದು ರೂಪಾಯಿ ನಾಣ್ಯದಷ್ಟರಲ್ಲಿ ಮುಗಿಸಿದವರ ಕೈಯಲ್ಲಿ ಕಣ್ಣು, ಹಲ್ಲು, ಮೀಸೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಪ್ರೇಮಿಯ ಹೆಸರಿನ ಬಗ್ಗೆ ಉಪದೇಶ ಮಾಡಲಾರೆ. ಯಾವ ಚಿತ್ರವಾದರೂ ಒಂದು ಕಟ್ಟು ಮಾತ್ರ ಹಾಕಿಕೊಳ್ಳಿ: ಒಂದು ತಿಂಗಳು ಕಾಯುವುದು. ಬೇಕಾದ ಜಾಗದಲ್ಲಿ, ಬೇಕಾದ ಅಳತೆಯಲ್ಲಿ, ಸ್ಕೆಚ್ ಪೆನ್ನಿನಿಂದ ಬರೆದುಕೊಂಡು ಓಡಾಡಿ. ಅಳಿಸಿದರೆ ಮತ್ತೆ ಬರೆಯಿರಿ. ಮೂವತ್ತು ದಿನದಲ್ಲಿ ಬೇಜಾರಾದರೆ ಮೂವತ್ತು ವರ್ಷ ಅದರೊಂದಿಗೆ ಬಾಳುವುದು ಕಷ್ಟ. ಈ ಪರೀಕ್ಷೆಗೆ ರಸ್ತೆಬದಿಯ ‘ಕಪ್ಪು ಮೆಹಂದಿ’ ಮಾತ್ರ ಬೇಡ. ಅದನ್ನು ಕಪ್ಪಾಗಿಸಲು ಬೆರೆಸುವ ಪಿಪಿಡಿ ಎಂಬ ಹೇರ್ ಡೈ ರಾಸಾಯನಿಕದಿಂದ ಬೊಬ್ಬೆ ಏಳಬಹುದು, ಕಲೆ ಉಳಿಯಬಹುದು.

ಕನ್ನಡ ಅಕ್ಷರವಾದರೆ

ಇಂಗ್ಲಿಷಿಗಿಂತ ನಮ್ಮ ಅಕ್ಷರಕ್ಕೆ ಹೆಚ್ಚು ಜಾಗ ಬೇಕು. ನಮ್ಮದು ದುಂಡು ಲಿಪಿ. ಅದರ ಅರ್ಥ ಸಣ್ಣ ಸಣ್ಣ ಖಾಲಿ ಜಾಗಗಳಲ್ಲಿದೆ. ಮೇಷ್ಟ್ರು ‘ಹೊಟ್ಟೆ ಸೀಳು’ ಅನ್ನುತ್ತಿದ್ದ ಆ ಪುಟ್ಟ ಗೆರೆ ಮುಚ್ಚಿಹೋದರೆ ‘ಧ’ ಹೋಗಿ ‘ದ’ ಆಗುತ್ತದೆ, ‘ಭ’ ಹೋಗಿ ‘ಬ’ ಆಗುತ್ತದೆ. ಹೊಟ್ಟೆಯೊಳಗಿನ ಚುಕ್ಕಿ ಅಳಿದರೆ ‘ಥ’ವೂ ‘ದ’. ಇನ್ನು ಒತ್ತಕ್ಷರ: ಅಮ್ಮ, ಅಪ್ಪ, ಅಣ್ಣ, ಅಕ್ಕ, ಅಜ್ಜಿ. ಜನ ಬರೆಸಿಕೊಳ್ಳುವ ಪದಗಳಲ್ಲೆಲ್ಲ ಒತ್ತು ಇದೆ, ಮತ್ತು ಅದು ಮೇಲಿನ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ. ಮೊದಲು ಕೆಡುವುದು ಅದೇ.

ನನ್ನ ಲೆಕ್ಕ ಇಷ್ಟು: ಅಸಲಿ ಅಳತೆಯಲ್ಲಿ ಪ್ರಿಂಟ್ ತೆಗೆದು, ಒತ್ತಿನ ಒಳಗಿನ ಖಾಲಿ ಜಾಗದ ಮೇಲೆ ಒಂದು ಸಾಸಿವೆ ಕಾಳು ಇಟ್ಟು ನೋಡಿ. ಕಾಳು ಗೆರೆಗೆ ತಾಗದೆ ಕೂತರೆ ಸರಿ. ಕೂರದಿದ್ದರೆ ದೊಡ್ಡದು ಮಾಡಿಸಿ, ಇಲ್ಲವೇ ಪದ ಬದಲಾಯಿಸಿ. ಇನ್ನೊಂದು ಉಪಾಯ, ಜೆಲ್ ಪೆನ್ ಬಿಟ್ಟು ದಪ್ಪ ಸ್ಕೆಚ್ ಪೆನ್ನಿನಲ್ಲಿ ಅದೇ ಅಳತೆಗೆ ಬರೆಯುವುದು. ಸ್ಕೆಚ್ ಪೆನ್ನಿನಲ್ಲಿ ಓದಲಾಗದ ಅಕ್ಷರವನ್ನು ಹತ್ತು ವರ್ಷದ ನಂತರ ಚರ್ಮದ ಮೇಲೆ ಓದಲಾಗುವುದಿಲ್ಲ.

ಕಂಪ್ಯೂಟರಿನ ತೊಂದರೆ ಬೇರೆ. ಡಿಸೈನ್ ಮಾಡುವ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಭಾಷೆಯ ಜೋಡಣೆ ಆನ್ ಆಗಿಲ್ಲದಿದ್ದರೆ ಒತ್ತು ಕೆಳಗಿಳಿಯದೆ ‘ಅಜ್ಜಿ’ ಎಂಬುದು ‘ಅಜ್‌ಜಿ’ ಎಂದು ಒಡೆದು ಕೂರುತ್ತದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಕನ್ನಡ ಬಾರದ ಕಲಾವಿದರಿಗೆ ಒಡೆದದ್ದು ಯಾವುದು, ಸರಿಯಾದದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಅದು ಅವರ ತಪ್ಪಲ್ಲ. ಬೆಂಗಳೂರಿನಲ್ಲೇ ಇದು ಮಾಮೂಲು. ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವ ಕನ್ನಡಿಗರಂತೂ ಪಠ್ಯವನ್ನು ವಾಟ್ಸ್‌ಆ್ಯಪ್ ಮಾಡಲೇಬೇಡಿ, ಚಿತ್ರವನ್ನೇ ಕಳಿಸಿ. ಎಲ್ಲಕ್ಕಿಂತ ಒಳ್ಳೆಯದು ಕೈಬರಹ. ಅಪ್ಪನ ಹಳೇ ಪತ್ರದಲ್ಲೋ ಅಮ್ಮನ ದಿನಸಿ ಚೀಟಿಯಲ್ಲೋ ಆ ಪದ ಸಿಕ್ಕರೆ ಫೋಟೊ ತೆಗೆದು ಕೊಡಿ. ಯಾವ ಫಾಂಟೂ ಅದಕ್ಕೆ ಸಮನಲ್ಲ. ಕೊನೆಗೆ ಕನ್ನಡ ಚೆನ್ನಾಗಿ ಬಲ್ಲ ಇಬ್ಬರಿಂದ ಜೋರಾಗಿ ಓದಿಸಿ. ಶ-ಷ-ಸ, ಲ-ಳ ತಪ್ಪು ಸಿಕ್ಕಿಬೀಳುವುದು ಆಗಲೇ.

ಮೈಮೇಲೆ ಎಲ್ಲಿ?

ನೋವು ಎಲ್ಲೆಡೆ ಒಂದೇ ಅಲ್ಲ. ತೋಳಿನ ಹೊರಬದಿ, ಮುಂಗೈ, ಮೀನಖಂಡ ಸಹಿಸಬಹುದಾದ ಜಾಗಗಳು. ಪಕ್ಕೆಲುಬು, ಬೆನ್ನೆಲುಬು, ಪಾದದ ಗಂಟು, ತೋಳಿನ ಒಳಬದಿ ಕಣ್ಣೀರು ತರಿಸುತ್ತವೆ. ಬೆರಳು, ಅಂಗೈ, ಪಾದದ ಅಂಚಿನಲ್ಲಿ ಬಣ್ಣ ಬೇಗ ಅಳಿಯುತ್ತದೆ. ಮೊದಲ ಹಚ್ಚೆಗೆ ಮುಂಗೈ ಅಥವಾ ತೋಳಿನ ಹೊರಬದಿ ಆರಿಸಿಕೊಂಡರೆ ನಷ್ಟವಿಲ್ಲ.

ಸೇನೆ, ಅರೆಸೇನಾ ಪಡೆಯ ಕನಸಿರುವವರು ಇಲ್ಲಿ ಒಂದು ಕ್ಷಣ ನಿಲ್ಲಿ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳಿಗೆ ಎಸ್‌ಎಸ್‌ಸಿ ನಡೆಸುವ ಕಾನ್‌ಸ್ಟೆಬಲ್ ನೇಮಕಾತಿಯ ನಿಯಮದ ಪ್ರಕಾರ ಹಚ್ಚೆಗೆ ಅವಕಾಶವಿರುವುದು ಎಡ ಮುಂಗೈಯ ಒಳಬದಿ, ಅಂದರೆ ಸೆಲ್ಯೂಟ್ ಹೊಡೆಯದ ಕೈ, ಅಥವಾ ಹಸ್ತದ ಹಿಂಬದಿಯಲ್ಲಿ ಮಾತ್ರ. ಅದೂ ಆ ಭಾಗದ ಕಾಲು ಭಾಗಕ್ಕಿಂತ ಚಿಕ್ಕದಾಗಿ, ಹೆಸರು ಅಥವಾ ಧಾರ್ಮಿಕ ಚಿಹ್ನೆಯಾಗಿ. ಭೂಸೇನೆ ಮುಂಗೈಯ ಒಳಬದಿ ಮತ್ತು ಹಸ್ತದ ಹಿಂಬದಿಯನ್ನಷ್ಟೇ ಒಪ್ಪುತ್ತದೆ. ಬುಡಕಟ್ಟು ಸಮುದಾಯಗಳಿಗೆ ಅವರ ಸಂಪ್ರದಾಯದ ಪ್ರಕಾರ ವಿನಾಯಿತಿ ಇದೆ. ಓಟ, ಎತ್ತರ, ಎದೆಯಳತೆ ಎಲ್ಲ ಪಾಸಾಗಿ ವೈದ್ಯಕೀಯ ಪರೀಕ್ಷೆಯಲ್ಲಿ ಕುತ್ತಿಗೆಯ ಹಚ್ಚೆಯಿಂದ ವಾಪಸಾಗುವುದು ಬೇಡ. ಆಯಾ ವರ್ಷದ ಅಧಿಸೂಚನೆ ಓದಿಯೇ ಮುಂದುವರಿಯಿರಿ.

ದೇವರ ಚಿತ್ರವಾದರೆ ಸೊಂಟಕ್ಕಿಂತ ಮೇಲೆಯೇ ಇರಲಿ. 2015ರಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ಯುವಕನೊಬ್ಬ ಮೊಣಕಾಲ ಕೆಳಗೆ ಹಾಕಿಸಿಕೊಂಡಿದ್ದ ಯಲ್ಲಮ್ಮನ ಹಚ್ಚೆ ಕಂಡು ಗುಂಪೊಂದು ತಕರಾರು ತೆಗೆದು, ಮಾತು ಪೊಲೀಸ್ ಠಾಣೆಯವರೆಗೆ ಹೋಗಿತ್ತು. ಗುಂಪು ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಹಚ್ಚೆಯನ್ನು ನೋಡುವವರೂ ಇರುತ್ತಾರೆ ಎಂಬುದನ್ನು ನೆನಪಿಸುತ್ತಿದ್ದೇನೆ.

ಯಾರು ಮೊದಲು ಡಾಕ್ಟರನ್ನು ಕೇಳಬೇಕು?

ಗಾಯವಾದ ಕಡೆ ಅಥವಾ ಕಿವಿ ಚುಚ್ಚಿಸಿದ ಕಡೆ ಮಾಂಸ ಗಂಟುಗಟ್ಟಿ ಉಬ್ಬುವ ಸ್ವಭಾವ ನಿಮಗೋ ಮನೆಯವರಿಗೋ ಇದ್ದರೆ ಅದು ಕೀಲಾಯ್ಡ್. ಕಪ್ಪು, ಕಂದು ಮೈಬಣ್ಣದವರಲ್ಲಿ ಇದು ಹೆಚ್ಚು. ಎದೆ, ಭುಜ, ಬೆನ್ನಿನ ಮೇಲ್ಭಾಗದಲ್ಲಿ ಇನ್ನೂ ಹೆಚ್ಚು. ಅಂಥವರ ಮೈಮೇಲೆ ಹಚ್ಚೆಯ ಗೆರೆಯುದ್ದಕ್ಕೂ ಗಂಟು ಏಳಬಹುದು. ಸೋರಿಯಾಸಿಸ್, ತೊನ್ನು ಇರುವವರಿಗೆ ಸೂಜಿ ಚುಚ್ಚಿದಲ್ಲೇ ಹೊಸ ಕಲೆ ಕಾಣಿಸಿಕೊಳ್ಳುವ ಅಪಾಯವಿದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್, ಇವು ಇದ್ದರೆ ಮೊದಲು ಡಾಕ್ಟರ ಮಾತು ಕೇಳಿ. ಹಚ್ಚೆಗೋಸ್ಕರ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಗರ್ಭಿಣಿಯರು, ಹಾಲುಣಿಸುವವರು ಮುಂದೂಡುವುದು ಒಳ್ಳೆಯದು.

ಹೆಪಟೈಟಿಸ್-ಬಿ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿಕೊಳ್ಳಿ: ಮೂರು ಡೋಸ್, ಮೊದಲನೆಯದಾಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಹೆಪಟೈಟಿಸ್-ಸಿ, ಎಚ್‌ಐವಿಗೆ ಲಸಿಕೆ ಇಲ್ಲ. ಅಲ್ಲಿ ಕಾಯುವುದು ಹೊಸ ಸೂಜಿ, ಹೊಸ ಇಂಕು. ರಕ್ತದಾನ ಮಾಡುವ ಅಭ್ಯಾಸವಿದ್ದವರು, ಹಚ್ಚೆಯಾದ ಮೇಲೆ ಒಂದು ವರ್ಷ ಕೊಡುವಂತಿಲ್ಲ ಎಂಬುದು ನೆನಪಿರಲಿ.

ಸ್ಟುಡಿಯೊ ಹುಡುಕುವಾಗ

ಜಾತ್ರೆಯಲ್ಲಿ ಬ್ಯಾಟರಿಗೆ ತಂತಿ ಸಿಕ್ಕಿಸಿಕೊಂಡು ಕೂರುವವರ ಹತ್ತಿರ ಐವತ್ತು ಜನರಿಗೆ ಒಂದೇ ಸೂಜಿ, ಒಂದೇ ಇಂಕಿನ ಬಟ್ಟಲು ಇರಬಹುದು. ಅಜ್ಜಿಯ ಕಾಲದಲ್ಲೂ ಹಾಗೇ ಇತ್ತು ಅನ್ನುವುದು ವಾದವಲ್ಲ. ಆ ಕಾಲದಲ್ಲಿ ಯಾರಿಗೆ ಯಾವ ಜ್ವರ ಎಲ್ಲಿಂದ ಬಂತೆಂದು ಯಾರೂ ಲೆಕ್ಕ ಇಡಲಿಲ್ಲ.

ದುಬಾರಿ ಸೋಫಾ, ನಿಯಾನ್ ದೀಪ ಸ್ವಚ್ಛತೆಯ ಗುರುತಲ್ಲ. ಮೊದಲ ಸಲ ಸುಮ್ಮನೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಕಣ್ಣಲ್ಲಿ ನೋಡಬೇಕಾದ್ದು:

• ಸೂಜಿಯ ಕಾರ್ಟ್ರಿಜ್ ಸೀಲ್ ಆದ ಪೊಟ್ಟಣದಲ್ಲಿದ್ದು, ಗಿರಾಕಿಯ ಕಣ್ಣೆದುರೇ ಒಡೆಯುತ್ತಾರೆಯೇ? ಪೊಟ್ಟಣದ ಮೇಲೆ ಅವಧಿ ಮುಗಿಯುವ ದಿನಾಂಕ ಇದೆಯೇ?
• ಇಂಕನ್ನು ಪುಟ್ಟ ಬಟ್ಟಲಿಗೆ ಸುರಿದು, ಕೆಲಸವಾದ ಮೇಲೆ ಉಳಿದದ್ದನ್ನು ಚೆಲ್ಲುತ್ತಾರೆಯೇ, ಬಾಟಲಿಗೆ ವಾಪಸ್ ಹಾಕುತ್ತಾರೆಯೇ?
• ಕೈಗವಸು ಹಾಕಿದ ಕೈಯಲ್ಲೇ ಫೋನ್ ಮುಟ್ಟಿ, ಮತ್ತೆ ಚರ್ಮ ಮುಟ್ಟುತ್ತಾರೆಯೇ?
• ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿ ಇದೆಯೇ, ಕಸದ ಬುಟ್ಟಿಯೇ?
• ಹದಿನೆಂಟು ತುಂಬಿದ್ದಕ್ಕೆ ಗುರುತಿನ ಚೀಟಿ, ಒಪ್ಪಿಗೆ ಪತ್ರ ಕೇಳುತ್ತಾರೆಯೇ? ಕೇಳದವರು ಬೇರೆ ವಿಷಯದಲ್ಲೂ ಸಡಿಲ ಇರಬಹುದು.

ಇಂಕಿನ ಬ್ರ್ಯಾಂಡ್ ಯಾವುದೆಂದು ಕೇಳಿ, ಲೇಬಲ್ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಅಲರ್ಜಿಯಾದರೆ ಡಾಕ್ಟರಿಗೆ ಬೇಕಾಗುತ್ತದೆ. 2025ರ ಆರಂಭದಲ್ಲಿ ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಪರೀಕ್ಷಿಸಿದ ಟ್ಯಾಟೂ ಇಂಕಿನಲ್ಲಿ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಸೇರಿ 22 ಲೋಹಗಳು ಕಂಡುಬಂದಿವೆ ಎಂದು ಹೇಳಿ, ಇಂಕಿಗೆ ಮಾನದಂಡ ಬೇಕೆಂಬ ಮಾತೆತ್ತಿದರು. ಯುರೋಪ್ ಒಕ್ಕೂಟ 2022ರ ಜನವರಿಯಿಂದಲೇ ಹಚ್ಚೆ ಇಂಕಿನ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ.

ಕಲಾವಿದರ ಹಳೆಯ ಕೆಲಸ ನೋಡುವಾಗ ಒಂದೇ ಪ್ರಶ್ನೆ ಸಾಕು: “ಹಾಕಿ ಎರಡು ಮೂರು ವರ್ಷ ಆಗಿರೋದು ತೋರಿಸ್ತೀರಾ?” ಹೊಸತಾಗಿ ಹೊಳೆಯುವ ಫೋಟೊ ಎಲ್ಲರ ಬಳಿಯೂ ಇರುತ್ತದೆ. ನಮ್ಮಲ್ಲಿ ಹಲವು ಕಡೆ ಚದರ ಇಂಚಿನ ಲೆಕ್ಕದಲ್ಲಿ ದರ ಹೇಳುತ್ತಾರೆ. ಇಂಚು ಕಡಿಮೆ ಮಾಡಿ ದುಡ್ಡು ಉಳಿಸುವ ಆಸೆ ಹುಟ್ಟುವುದು ಇಲ್ಲೇ. ನನ್ನ ‘ಅಜ್ಜಿ’ ಚಿಕ್ಕದಾಗಿದ್ದಕ್ಕೆ ಅಂದವೊಂದೇ ಕಾರಣವಲ್ಲ, ಪರ್ಸೂ ಕಾರಣ.

ಆ ದಿನ

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಮದ್ಯ ಮುಟ್ಟಬೇಡಿ. ಹೊಟ್ಟೆ ತುಂಬ ತಿಂದು ಹೋಗಿ; ಖಾಲಿ ಹೊಟ್ಟೆಯಲ್ಲಿ ಕೂತವರಿಗೆ ತಲೆ ಸುತ್ತುವುದು ಸಾಮಾನ್ಯ. ಕೂದಲು ನೀವೇ ಬೋಳಿಸಬೇಡಿ. ಮನೆಯ ರೇಜರಿನ ಗೀರು ಅಲ್ಲಿ ಬೇಡ. ಆ ಜಾಗ ತೆರೆದಿರುವಂಥ, ಇಂಕ್ ತಾಗಿದರೂ ಚಿಂತೆಯಿಲ್ಲದ ಹಳೇ ಬಟ್ಟೆ ಹಾಕಿ. ಮರಗಟ್ಟಿಸುವ ಕ್ರೀಮನ್ನು ಅಂಗಡಿಯಿಂದ ತಂದು ದಪ್ಪಗೆ ಮೆತ್ತಿ ಪ್ಲಾಸ್ಟಿಕ್ ಸುತ್ತಿಕೊಳ್ಳಬೇಡಿ. ಅದರೊಳಗಿನ ಲಿಡೊಕೇಯ್ನ್ ಹೆಚ್ಚಾಗಿ ರಕ್ತ ಸೇರಿದರೆ ಹೃದಯದ ಬಡಿತಕ್ಕೇ ತೊಂದರೆ.

ಆಮೇಲೆ ಸ್ಟೆನ್ಸಿಲ್. ನೇರಳೆ ಬಣ್ಣದ ಗೆರೆಯಿರುವ ಕಾಗದವನ್ನು ಚರ್ಮಕ್ಕೆ ಒತ್ತಿ ತೆಗೆಯುತ್ತಾರೆ, ಚಿತ್ರದ ಅಚ್ಚು ಮೂಡುತ್ತದೆ. ವಾಪಸ್ ಹೋಗಲು ಇರುವ ಕೊನೆಯ ಬಾಗಿಲು ಇದು. ಎದ್ದು ಕನ್ನಡಿ ಮುಂದೆ ನಿಲ್ಲಿ, ಕೈ ಇಳಿಬಿಡಿ, ಮಡಚಿ, ಫೋಟೊ ತೆಗೆದು ಮನೆಗೆ ಕಳಿಸಿ. ಕನ್ನಡ ಅಕ್ಷರವಾದರೆ ಒಂದೊಂದನ್ನೂ ಬೆರಳಿಟ್ಟು ಓದಿ. ಓರೆಯಾಗಿದ್ದರೆ, ಚಿಕ್ಕದಾಗಿದ್ದರೆ ಅಳಿಸಿ ಮತ್ತೆ ಒತ್ತಿಸಿ. ಮೂರು ಸಲ ಒತ್ತಿಸಿದರೂ ಒಳ್ಳೆಯ ಕಲಾವಿದ ಬೇಸರಪಡುವುದಿಲ್ಲ. ನನಗೆ ಆ ದಿನ ಒತ್ತು ಚಿಕ್ಕದೆನಿಸಿತ್ತು. ಅವರು ಆಗಲೇ ಗ್ಲೌಸ್ ಹಾಕಿಕೊಂಡಿದ್ದರು, ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು. ಸಂಕೋಚದಿಂದ ‘ಪರವಾಗಿಲ್ಲ’ ಅಂದುಬಿಟ್ಟೆ.

ಮೂರು ವಾರದ ಬಾಣಂತನ

ಹೊಸ ಹಚ್ಚೆ ಅಲಂಕಾರವಲ್ಲ, ಗಾಯ. ಸುತ್ತಿದ ಪ್ಲಾಸ್ಟಿಕ್ಕನ್ನು ಕಲಾವಿದರು ಹೇಳಿದ ಹೊತ್ತಿಗೆ ತೆಗೆದು, ಮೊದಲು ಕೈ ತೊಳೆದು, ವಾಸನೆಯಿಲ್ಲದ ಸೌಮ್ಯ ಸೋಪಿನಿಂದ ತೊಳೆಯಿರಿ. ಶುಭ್ರ ಟಿಶ್ಯೂನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಹೇಳಿದ ಮುಲಾಮು ತೆಳ್ಳಗೆ ಹಚ್ಚಿ. ಗಾಯ ಜಿಡ್ಡಿನಲ್ಲಿ ಮುಳುಗಬಾರದು. ಮನೆಯಲ್ಲಿ ಯಾರಾದರೂ ಅರಿಶಿನ ಹಿಡಿದು ಬರುತ್ತಾರೆ. ಪ್ರೀತಿಗೆ ನಮಸ್ಕಾರ ಹೇಳಿ, ಅರಿಶಿನವನ್ನು ಸಾರಿಗೇ ಬಿಡಿ.

ನಾಲ್ಕೈದು ದಿನಕ್ಕೆ ಸಿಪ್ಪೆ ಏಳುತ್ತದೆ, ತುರಿಸುತ್ತದೆ. ಕೆರೆದರೆ ಸಿಪ್ಪೆಯ ಜೊತೆ ಬಣ್ಣವೂ ಬರುತ್ತದೆ. ಅಂಗೈಯಿಂದ ಮೆಲ್ಲಗೆ ತಟ್ಟಿ. ಎರಡು ಮೂರು ವಾರ ಈಜುಕೊಳ, ಕೆರೆ, ಸಮುದ್ರ ಬೇಡ. ಗೋಕರ್ಣದ ಟಿಕೆಟ್ ಬುಕ್ ಆಗಿದ್ದರೆ ಹಚ್ಚೆಯನ್ನೇ ಮುಂದೆ ಹಾಕಿ. ಬೈಕ್ ಓಡಿಸುವವರ ಮುಂಗೈಗೆ ಬಿಸಿಲೇ ಶತ್ರು: ಮಾಯುವವರೆಗೆ ಸಡಿಲ ತೋಳಿನ ಅಂಗಿ, ಮಾಯ್ದ ಮೇಲೆ ಸನ್‌ಸ್ಕ್ರೀನ್.

ಮೊದಲೆರಡು ದಿನ ಕೆಂಪು, ಸಣ್ಣ ಊತ ಸಹಜ. ಅದು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹೆಚ್ಚುತ್ತಾ ಹೋದರೆ, ಮುಟ್ಟಿದರೆ ಸುಡುವಂತಿದ್ದರೆ, ಕೀವು ಬಂದರೆ, ಕೆಂಪು ಗೆರೆ ಮೇಲಕ್ಕೆ ಹರಿದರೆ, ಜ್ವರ ಬಂದರೆ ಸ್ಟುಡಿಯೊಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಅಲ್ಲಲ್ಲಿ ಬಣ್ಣ ಬಿಟ್ಟಿದ್ದರೆ ಟಚ್-ಅಪ್ ಮಾಡಿಸಬಹುದು, ಆದರೆ ಕನಿಷ್ಠ ಒಂದು ತಿಂಗಳು ಮಾಯಲು ಬಿಟ್ಟು.

ಬೇಡವೆನಿಸಿದರೆ

ಲೇಸರ್ ಇದೆ ಎಂಬ ಧೈರ್ಯದ ಮೇಲೆ ಹಾಕಿಸಿಕೊಳ್ಳಬೇಡಿ. ಲೇಸರ್ ಬಣ್ಣವನ್ನು ಪುಡಿ ಮಾಡುತ್ತದೆ, ಆ ಪುಡಿಯನ್ನು ದೇಹ ನಿಧಾನವಾಗಿ ಸಾಗಿಸುತ್ತದೆ. ಒಂದು ಸಲಕ್ಕೂ ಇನ್ನೊಂದಕ್ಕೂ ಆರೆಂಟು ವಾರ ಬಿಡುವು, ಹಲವು ಸಲ ಹೋಗಬೇಕು. ಖರ್ಚು ಹಚ್ಚೆಗಿಂತ ಎಷ್ಟೋ ಪಾಲು ಹೆಚ್ಚು. ಕಪ್ಪು ಸುಲಭವಾಗಿ ಹೋಗುತ್ತದೆ, ಹಸಿರು, ಹಳದಿ ಹಟ ಹಿಡಿಯುತ್ತವೆ. ನಮ್ಮ ಮೈಬಣ್ಣಕ್ಕೆ ಆ ಜಾಗ ಬೆಳ್ಳಗೋ ಕಪ್ಪಗೋ ಉಳಿಯುವ ಸಾಧ್ಯತೆಯೂ ಇರುವುದರಿಂದ ಚರ್ಮವೈದ್ಯರ ಬಳಿಯೇ ಮಾಡಿಸಬೇಕು.

ನಾನು ‘ಅಜಿ’ಯನ್ನು ಅಳಿಸಿಸುವುದಿಲ್ಲ, ಸರಿ ಮಾಡಿಸುವುದೂ ಇಲ್ಲ. ಅಜ್ಜಿ ಈಗಿಲ್ಲ, ಅವಳ ಚೇಳಿನ ಒಂದು ಫೋಟೊ ಇದೆ. ಅದನ್ನು ನೋಡಿಕೊಂಡು ಮುಂಗೈ ಮೇಲೆ ಸ್ಕೆಚ್ ಪೆನ್ನಿನಲ್ಲಿ ಚೇಳು ಬರೆದುಕೊಂಡು ಇವತ್ತಿಗೆ ಹನ್ನೊಂದು ದಿನ. ಸ್ನಾನಕ್ಕೆ ಅಳಿಯುತ್ತದೆ, ಮತ್ತೆ ಬರೆಯುತ್ತೇನೆ. ಪ್ರತಿ ಸಲ ಬರೆದಾಗಲೂ ಒಂಚೂರು ದೊಡ್ಡದಾಗುತ್ತಿದೆ. ಇನ್ನು ಹತ್ತೊಂಬತ್ತು ದಿನ ಬಾಕಿ.